ಬಾವಲಿಯ ಎಂಜಲು

ಮೂರು ಗಂಟೆಗೇ ಏಳುತ್ತಿದ್ದಳು ನಮ್ಮತ್ತೆ ಮಂಚಮ್ಮ.
ಕೋಳಿ ಕೂಗಿದ ಮೇಲಲ್ಲ,
ಅವಳು ಎದ್ದದ್ದು ನೋಡಿ ಕೋಳಿ ಕೂಗುತ್ತಿತ್ತು.

ಹಲಗೂರು ದಾರಿಯಲ್ಲಿ, ಕೆರೆ ಏರಿ ಇಳಿದ ಮೇಲೆ
ಹದಿನೇಳು ಇಪ್ಪೆ ಮರ.
ಯಾರು ನೆಟ್ಟರೋ. ರಾಜರ ಕಾಲದ್ದು ಅನ್ನುತ್ತಾರೆ ಊರವರು.
'ನೆಟ್ಟೋನು ಉಣ್ಣಲಿಲ್ಲ, ಅಷ್ಟು ಗೊತ್ತು' ಅನ್ನುತ್ತಿದ್ದಳು ಅತ್ತೆ.

ಮಿರುಗಶಿರೆ ಹುಯ್ದು ಬಿಟ್ಟ ರಾತ್ರಿ
ಮರದ ತುಂಬ ಬಾವಲಿ.
ಜಗಳ, ಕೀಚಲು, ರೆಕ್ಕೆಯ ಸದ್ದು
ಒದ್ದೆ ಸೀರೆ ಕೊಡವಿದ ಹಾಗೆ.
ಹಣ್ಣು ಚೀಪಿ ಬೀಜ ಉಗಿಯುತ್ತವೆ.
ಕೆಳಗೆ ಒಂಬತ್ತು ಜನ ಹೆಂಗಸರು,
ಸೆರಗು ಸೊಂಟಕ್ಕೆ ಬಿಗಿದು, ಬಗ್ಗಿ,
ಕಣ್ಣಿನಿಂದಲ್ಲ, ಅಂಗಾಲಿನಿಂದ ಹುಡುಕುತ್ತ.
ಜಾರಿದರೆ ಇಪ್ಪೆ, ಚುಚ್ಚಿದರೆ ಜಾಲಿ.

ಮದುವೆಯಾಗಿ ಬಂದ ವರ್ಷ
ನಾನು ಜಾಣೆಯಂತೆ ಟಾರ್ಚು ಹಿಡಿದು ಹೋದೆ.
ಒಂದೇ ಏಟಿಗೆ ಮರ ಖಾಲಿ.
ಅತ್ತೆ ಬೈಯಲಿಲ್ಲ.
'ಉಣ್ಣೋರ ಎಲೆ ಮೇಲೆ ಬೆಳಕು ಬುಡಬಾರದು ಕನವ್ವ'
ಅಂದಳು ಅಷ್ಟೆ.
ಆವತ್ತು ಒಂಬತ್ತು ಮಡಿಲಿಗೆ ಸೇರಿ ಒಂದು ಪಾವು ಬೀಜ.

ಹಿತ್ತಲಲ್ಲಿ ಒಂದು ಕಲ್ಲು.
ನಡುವೆ ಬೀಜ ಕೂರುವಷ್ಟು ಗುಳಿ.
ಅತ್ತೆಯ ಅತ್ತೆ ಅರ್ಧ ಸವೆಸಿದಳು, ಮಿಕ್ಕದ್ದು ಇವಳು.
ನನ್ನ ಪಾಲಿನ ಆಳ ಇನ್ನೂ ಕಣ್ಣಿಗೆ ಕಾಣುವುದಿಲ್ಲ.
ಮೆಲ್ಲಗೆ ಕುಟ್ಟಿದರೆ ಸಿಪ್ಪೆ ಬಿಡದು,
ಜೋರಾದರೆ ಬೇಳೆ ಪುಡಿ.
ಆ ನಡುವಿನ ಪೆಟ್ಟಿಗೆ ಹೆಸರಿಲ್ಲ.
ಕೈ ಕಲಿಯುವ ತನಕ ಉಗುರು ಕಪ್ಪಗಿತ್ತು.

ಮಾಗಿಯಲ್ಲಿ ತುಪ್ಪದಂತೆ ಹೆಪ್ಪುಗಟ್ಟುವ ಎಣ್ಣೆ
ಒಡೆದ ಹಿಮ್ಮಡಿಗೆ, ಬಾಣಂತಿಯ ಬೆನ್ನಿಗೆ.
ಹಿಂಡಿ ನಮ್ಮ ತಲೆಗೆ.
ಮಿಕ್ಕ ಐದು ಸೇರು ಗುಡಿಯ ನಂದಾದೀಪಕ್ಕೆ.

'ಮಡಿಯಿಂದ ತೆಗೆದದ್ದು ತಾನೆ?'
ಪ್ರತಿ ವರ್ಷ ಕೇಳುತ್ತಿದ್ದರು ಪೂಜಾರಿ,
ಮೆಟ್ಟಿಲ ಕೆಳಗಿಟ್ಟ ಡಬ್ಬಕ್ಕೆ ನೀರು ಚಿಮುಕಿಸುತ್ತ.
'ಮಡೀಲೇ ಬುದ್ಧಿ' ಅನ್ನುತ್ತಿದ್ದಳು ಅತ್ತೆ.
ಏರಿ ದಾಟುವವರೆಗೆ ಮುಖ ಗಟ್ಟಿ.
ಆಮೇಲೆ ಕೂತು ನಗುವಳು, ಹೊಟ್ಟೆ ಹಿಡಿದು:
'ಬಾವಲಿ ಎಂಜಲು ಉರಿಸ್ಕೋತಾನೆ ದೇವರು,
ನಾನು ಮುಟ್ಟಿದ್ರೆ ನೀರು ಹುಯ್ಕೋತಾನೆ!'
ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಳು.
ಯಾವುದನ್ನು ಒರೆಸುತ್ತಿದ್ದಳೋ ನಾನು ಕೇಳಲಿಲ್ಲ.

ಒಂದು ವರ್ಷ ಪಂಚಾಯ್ತಿ
ಹದಿನೇಳು ಮರವನ್ನೂ ಹರಾಜಿಗಿಟ್ಟಿತು.
ಮಳವಳ್ಳಿಯ ಕಂಟ್ರಾಕ್ಟರು ನಾಲ್ಕು ಸಾವಿರಕ್ಕೆ ಕೂಗಿದ.
ನಮ್ಮನ್ನು ಓಡಿಸಲು ಕಾವಲಿನವನನ್ನು ಇಟ್ಟ,
ಬಾವಲಿ ಓಡಿಸಲು ಪಟಾಕಿ.
ಬಾವಲಿ ಹೋದವು. ಹಣ್ಣು ಹಾಗೇ ಬಿತ್ತು,
ತಿರುಳು ಕೊಳೆತು, ಇರುವೆ ಮುತ್ತಿ,
ಮಳೆಗೆ ಮೊಳಕೆ ಒಡೆದು, ಹುಳಿ ನಾತ.
ಅಷ್ಟು ಬೀಜ ತೊಳೆಯಲು ಕೂಲಿ ಎಷ್ಟಾಗುತ್ತದೆಂದು
ಲೆಕ್ಕ ಹಾಕಿದವನು ಮತ್ತೆ ಈ ದಾರಿಗೆ ಬರಲಿಲ್ಲ.

ಮರುವರ್ಷ ಕೂಗುವವರೇ ಇಲ್ಲ.
ಪಂಚಾಯ್ತಿ ಜಗಲಿಯಲ್ಲಿ
ಅತ್ತೆ ಸೆರಗಿನ ಗಂಟು ಬಿಚ್ಚಿದಳು:
ಒಂಬತ್ತು ಮನೆಯ ಏಳುನೂರು ರೂಪಾಯಿ,
ಹೆಚ್ಚೂ ಕಮ್ಮಿ ಎಲ್ಲ ಹತ್ತರ ನೋಟು.
'ಯಾರ ಹೆಸರಿಗೆ ಬರೀಲಿ?' ಅಂದ ಗುಮಾಸ್ತ.
'ಬಾವಲಿ ಹೆಸರಿಗೆ ಬರ್ಕೊಳಿ, ಕೂಲಿ ನಾವು.'
ಅವನು ನಗಲೂ ಇಲ್ಲ, ತಲೆ ಎತ್ತಲೂ ಇಲ್ಲ,
ಬರೆದ: ಮಂಚಮ್ಮ ಮತ್ತು ಇತರರು.

ಆ ರಸೀದಿ ಈಗ ಗೋಡೆಯ ಗೂಡಲ್ಲಿ, ಎಣ್ಣೆ ಕುಡಿದು,
ಬೆಳಕಿಗೆ ಹಿಡಿದರೆ ಆಚೆಬದಿ ಕಾಣುವಷ್ಟು ತೆಳ್ಳಗೆ.
ಅತ್ತೆಗೆ ಕಣ್ಣಿಗೆ ಪೊರೆ ಬಂದಿದೆ.
ಕಲ್ಲಿನ ಹತ್ತಿರ ಕೂತು ನನ್ನ ಪೆಟ್ಟು ಕೇಳುತ್ತಾಳೆ.
'ಅದು ಜೋರಾಯ್ತು,' ಅನ್ನುತ್ತಾಳೆ.
ಆಗಿರುತ್ತದೆ.

ಇವತ್ತೂ ಮೂರಕ್ಕೇ ಎದ್ದೆ. ಟಾರ್ಚು ಮನೆಯಲ್ಲೇ.
ಮೇಲೆ ಇತರರು ಉಣ್ಣುತ್ತಿದ್ದರು.
ಹೆಗಲ ಮೇಲೆ ಟಪ್ಪೆಂದು ಒಂದು ಬೀಜ.
ಅಂಟಂಟು, ಇನ್ನೂ ಬೆಚ್ಚಗೆ,
ಯಾರದೋ ಬಾಯಿಂದ ಈಗ ತಾನೇ.